ಗೆಕ್ಕೊ ಮರಳಿದ, ಕಾರ್ಲ್ ಫಾಕ್ಸ್ ಮರಳಲಿಲ್ಲ

(ಚಿತ್ರ ಸಮಾಜವೊಂದರಲ್ಲಿ ‘ವಾಲ್ ಸ್ಟ್ರೀಟ್’ ಮತ್ತು ಅದರ ಮುಂದುವರಿದ ಭಾಗ ‘ವಾಲ್ ಸ್ಟ್ರೀಟ್: ಮನಿ ನೆವರ್ ಸ್ಲೀಪ್ಸ್’ ಪ್ರದರ್ಶನ ಮುಗಿದ ಮೇಲೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡೂ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ ಕೂತಿದ್ದೀರಿ. ಒಂದು 1987ರದು, ಇನ್ನೊಂದು 2010ರದು. ನಡುವೆ ಇಪ್ಪತ್ತಮೂರು ವರ್ಷ. ನಿರ್ದೇಶಕ ಅದೇ ಆಲಿವರ್ ಸ್ಟೋನ್, ಕಂಪನಿಗಳನ್ನು ಕೊಂಡು ಒಡೆದು ಮಾರುವ ಷೇರುಪೇಟೆಯ ಕುಳ ಗಾರ್ಡನ್ ಗೆಕ್ಕೊ ಪಾತ್ರದಲ್ಲಿ ಅದೇ ಮೈಕೆಲ್ ಡಗ್ಲಸ್. ಚಹಾಕ್ಕೆಂದು ಹೊರಗೆ ನಿಂತಾಗ ನಿಮ್ಮಿಂದ ನನ್ನ ಕಿವಿಗೆ ಬಿದ್ದ ಮಾತುಗಳೂ, 2010ರಲ್ಲಿ ಚಿತ್ರ ಬಿಡುಗಡೆಯಾದಾಗ ಅಮೆರಿಕದ ಪ್ರೇಕ್ಷಕರು ಆಡಿಕೊಂಡ ಮಾತುಗಳೂ ಹೆಚ್ಚು ಕಡಿಮೆ ಒಂದೇ. ‘ಗೆಕ್ಕೊನ ಹಲ್ಲು ಕಿತ್ತುಬಿಟ್ಟಿದ್ದಾರೆ.’ ‘ಕೊನೆಯಲ್ಲಿ ಅವನು ಅಜ್ಜನಾಗಿ ಬಂದು ನಿಲ್ಲುವುದೇನು?’ ‘ಇಷ್ಟು ವರ್ಷ ಬಿಟ್ಟು ಇದನ್ನು ಮಾಡುವ ಅಗತ್ಯ ಏನಿತ್ತು?’

ಈ ಮಾತುಗಳನ್ನು ನಾನು ತಳ್ಳಿಹಾಕುವುದಿಲ್ಲ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರಿಗೆ ಬೇಸರಪಡುವ ಹಕ್ಕಿದೆ. ಆದರೆ ಎರಡನೇ ಚಿತ್ರದಲ್ಲಿ ಕಳೆದುಹೋಗಿರುವುದು ಗೆಕ್ಕೊನ ವಿಷ ಎಂಬ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಕಳೆದುಹೋದವನು ಬೇರೊಬ್ಬ, ಮೊದಲ ಚಿತ್ರದಲ್ಲೂ ಹೆಚ್ಚು ಹೊತ್ತು ತೆರೆಯ ಮೇಲೆ ಇಲ್ಲದವನು. ವಿಮಾನ ರಿಪೇರಿ ವಿಭಾಗದ ಮೇಸ್ತ್ರಿ ಕಾರ್ಲ್ ಫಾಕ್ಸ್. ಅವನ ಬಗ್ಗೆ ಹೇಳುವ ಮುಂಚೆ ಗೆಕ್ಕೊ ಎಲ್ಲಿಂದ ಬಂದ ಎನ್ನುವುದನ್ನು ನೋಡೋಣ.

ಆಲಿವರ್ ಸ್ಟೋನ್ ಅವರ ತಂದೆ ಲೂಯಿಸ್ ಸ್ಟೋನ್ ಷೇರು ದಲ್ಲಾಳಿಯಾಗಿದ್ದವರು. 1985ರಲ್ಲಿ ತೀರಿಕೊಂಡರು. ವಿಯೆಟ್ನಾಂ ಯುದ್ಧದ ಚಿತ್ರ ಮಾಡಿ ಆಸ್ಕರ್ ಗೆದ್ದ ಬೆನ್ನಿಗೇ ಮಗ ಕೈಗೆತ್ತಿಕೊಂಡದ್ದು ತಂದೆಯ ಪೇಟೆಯ ಕಥೆಯನ್ನು. ಚಿತ್ರವನ್ನು ಅರ್ಪಿಸಿದ್ದೂ ತಂದೆಗೇ. ಸ್ಟಾನ್ಲಿ ವೈಸರ್ ಜೊತೆ ಸೇರಿ ಚಿತ್ರಕಥೆ ಬರೆದರು. ಆ ಹೊತ್ತಿಗೆ ನ್ಯೂಯಾರ್ಕ್ ಪೇಟೆಯಲ್ಲಿ ಷೇರು ವ್ಯಾಪಾರಿ ಇವಾನ್ ಬೋಸ್ಕಿಯ ಹೆಸರು ಎಲ್ಲರ ಬಾಯಲ್ಲಿತ್ತು. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪದವೀಧರರ ಮುಂದೆ ನಿಂತು ದುರಾಸೆ ತಪ್ಪಲ್ಲ, ಅದು ಆರೋಗ್ಯಕರ ಎಂಬ ಅರ್ಥದ ಮಾತಾಡಿದ್ದ ಮನುಷ್ಯ ಅವನು. ಅದೇ ವರ್ಷ ನವೆಂಬರಿನಲ್ಲಿ ಒಳಮಾಹಿತಿ ವ್ಯವಹಾರದ, ಅಂದರೆ ಕಂಪನಿಯ ಗುಟ್ಟನ್ನು ಮೊದಲೇ ತಿಳಿದು ಷೇರು ವ್ಯಾಪಾರ ಮಾಡಿದ ಪ್ರಕರಣದಲ್ಲಿ 10 ಕೋಟಿ ಡಾಲರ್ ತೆರಲು ಒಪ್ಪಿಕೊಂಡ. ಗೆಕ್ಕೊನ ಬಾಯಿಗೆ ಮಾತು ಬಂದದ್ದು ಅಲ್ಲಿಂದ.

ಚಿತ್ರ ತೆರೆಗೆ ಬಂದದ್ದು 1987ರ ಡಿಸೆಂಬರ್ 11ರಂದು. ಅದಕ್ಕೆ ಎರಡು ತಿಂಗಳು ಮುಂಚೆ, ಅಕ್ಟೋಬರ್ 19ರ ಸೋಮವಾರ, ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನಕ್ಕೆ 508 ಅಂಶ ಕುಸಿದಿತ್ತು, ಅಂದರೆ ಶೇ 22.6. ಕಥೆ ನಡೆಯುವುದು 1985ರಲ್ಲಿ, ಚಿತ್ರೀಕರಣ ಮುಗಿದದ್ದು ಕುಸಿತಕ್ಕೂ ಮುಂಚೆ. ಕೈ ಸುಟ್ಟುಕೊಂಡು ಚಿತ್ರಮಂದಿರಕ್ಕೆ ಬಂದ ಪ್ರೇಕ್ಷಕನಿಗೆ ತೆರೆಯ ಮೇಲೆ ಕಂಡದ್ದು ತನ್ನ ಬೀದಿಯ ಜಾತಕ. ಇಂಥ ಕಾಲಯೋಗ ಯಾವ ನಿರ್ದೇಶಕನಿಗೂ ಎರಡು ಸಲ ಸಿಗುವುದಿಲ್ಲ. 2010ರ ಚಿತ್ರಕ್ಕೆ ಸಿಗಲೂ ಇಲ್ಲ. 2008ರ ಕುಸಿತದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಎರಡು ವರ್ಷವಾದ ಮೇಲೆ ಅದು ಬಂತು. ಆ ವರ್ಷದ ಏಪ್ರಿಲ್‌ನಲ್ಲಿ ಬರಬೇಕಿದ್ದದ್ದು ಸೆಪ್ಟೆಂಬರ್‌ಗೆ ಹೋಯಿತು. ಅಷ್ಟು ಹೊತ್ತಿಗೆ ಆ ಕುಸಿತದಲ್ಲಿ ಮನೆ ಕಳೆದುಕೊಂಡವರು ಬಾಡಿಗೆ ಮನೆಗೆ ಹೋಗಿಯಾಗಿತ್ತು.

ಈಗ ಮೊದಲ ಚಿತ್ರದಲ್ಲಿ ಗೆಕ್ಕೊ ವಶಕ್ಕೆ ತೆಗೆದುಕೊಳ್ಳಲು ಹೊರಟ ಟೆಲ್ಡಾರ್ ಪೇಪರ್ ಕಂಪನಿಯ ಷೇರುದಾರರ ಸಭೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ‘ದುರಾಸೆ ಒಳ್ಳೆಯದು’ ಎಂಬ ಒಂದು ವಾಕ್ಯವನ್ನು. ನಾನು ನಿಮ್ಮ ಗಮನ ಸೆಳೆಯುವುದು ಅದಕ್ಕೆ ಮುಂಚಿನ ಎರಡು ನಿಮಿಷದ ಕಡೆಗೆ. ಗೆಕ್ಕೊ ಮೈಕ್ ಹಿಡಿದು ಜನರ ನಡುವೆ ಇಳಿದು ಬರುತ್ತಾನೆ. ವೇದಿಕೆಯ ಮೇಲೆ ಕೂತ ಸಾಲು ಸಾಲು ಅಧಿಕಾರಿಗಳನ್ನು ತೋರಿಸುತ್ತಾನೆ. ಈ ಕಂಪನಿಗೆ 33 ಮಂದಿ ಉಪಾಧ್ಯಕ್ಷರು, ಒಬ್ಬೊಬ್ಬರಿಗೂ ವರ್ಷಕ್ಕೆ ಎರಡು ಲಕ್ಷ ಡಾಲರಿಗಿಂತ ಹೆಚ್ಚು ಸಂಬಳ, ಇವರೆಲ್ಲ ಏನು ಮಾಡುತ್ತಾರೆ ಎಂದು ಎರಡು ತಿಂಗಳು ತಡಕಾಡಿದರೂ ನನಗೆ ತಿಳಿಯಲಿಲ್ಲ ಎನ್ನುತ್ತಾನೆ. ಕಂಪನಿ ಹೋದ ವರ್ಷ 11 ಕೋಟಿ ಡಾಲರ್ ಕಳೆದುಕೊಂಡಿದೆ, ಅದರಲ್ಲಿ ಅರ್ಧ ಇವರ ನಡುವೆ ಓಡಾಡಿದ ಕಾಗದಪತ್ರಗಳಿಗೇ ಖರ್ಚಾಗಿರಬೇಕು ಎನ್ನುತ್ತಾನೆ. ಸಭೆ ನಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಯಾಕೆ ತಟ್ಟಬಾರದು? ಅವನು ಹೇಳಿದ ದೂರು ನಿಜ. ಕೂತು ತಿನ್ನುವ ಮೇಲಧಿಕಾರಿಗಳ ಬಗ್ಗೆ ಯಾವ ದೇಶದ ನೌಕರನಿಗೆ ಸಿಟ್ಟಿಲ್ಲ? ಆ ನಿಜದ ಸಿಟ್ಟನ್ನು ಮೊದಲು ಕೈವಶ ಮಾಡಿಕೊಂಡು, ಆಮೇಲೆ ಅದರ ಬೆನ್ನ ಮೇಲೆ ತನ್ನ ದುರಾಸೆಯನ್ನು ಕೂರಿಸುತ್ತಾನೆ. ಖಳನಾಯಕನ ಮಾತಿಗೆ ಇಷ್ಟು ಗಟ್ಟಿ ಬುನಾದಿ ಹಾಕಿಕೊಟ್ಟ ಚಿತ್ರಕಥೆಗಳು ಕಡಿಮೆ. ಡಗ್ಲಸ್‌ಗೆ ಅತ್ಯುತ್ತಮ ನಟ ಆಸ್ಕರ್ ಬಂದದ್ದು ಈ ಪಾತ್ರಕ್ಕೇ.

ಆದರೆ ಬುನಾದಿ ಎಷ್ಟು ಗಟ್ಟಿಯಾಗಿತ್ತೆಂದರೆ ಜನ ಗೆಕ್ಕೊನನ್ನು ನಾಯಕ ಮಾಡಿಕೊಂಡುಬಿಟ್ಟರು. ಅವನ ಪಟ್ಟಿಯ ಅಂಗಿ, ಸಸ್ಪೆಂಡರ್, ಹಿಂದಕ್ಕೆ ಬಾಚಿದ ಎಣ್ಣೆಗೂದಲು ನ್ಯೂಯಾರ್ಕಿನ ದಲ್ಲಾಳಿ ಕಚೇರಿಗಳಲ್ಲಿ ಫ್ಯಾಷನ್ನಾಯಿತು. ನಿಮ್ಮ ಚಿತ್ರ ನೋಡಿಯೇ ನಾನು ಷೇರುಪೇಟೆಗೆ ಬಂದೆ ಎಂದು ಕೈಕುಲುಕಿ ಹೇಳುವವರು ಡಗ್ಲಸ್‌ಗೂ, ವೈಸರ್‌ಗೂ ವರ್ಷಗಟ್ಟಲೆ ಸಿಗುತ್ತಲೇ ಇದ್ದರು. ಎಚ್ಚರಿಕೆಯ ಬೋರ್ಡ್ ಎಂದು ನೆಟ್ಟದ್ದನ್ನು ಜನ ದಾರಿ ತೋರಿಸುವ ಕೈಮರವೆಂದು ಓದಿಕೊಂಡರು. ಎರಡನೇ ಚಿತ್ರದ ಬಗ್ಗೆ ಪ್ರೇಕ್ಷಕರ ಬೇಸರವನ್ನು ಅಳೆಯುವಾಗ ಇದನ್ನು ಮರೆಯಬಾರದು. ಬಹಳ ಮಂದಿ ಗೆಕ್ಕೊ ಇನ್ನೊಮ್ಮೆ ಗರ್ಜಿಸುವುದನ್ನು ಕೇಳಲು ಬಂದಿದ್ದರು. ಅವನು ಮಗಳ ಮುಂದೆ ಕಣ್ಣೀರು ಹಾಕುವುದನ್ನು ನೋಡಬೇಕಾಗಿ ಬಂತು.

ಕಾರ್ಲ್ ಫಾಕ್ಸ್ ವಿಷಯಕ್ಕೆ ಬರುತ್ತೇನೆ. ಮೊದಲ ಚಿತ್ರದ ಯುವ ದಲ್ಲಾಳಿ ಬಡ್ ಫಾಕ್ಸ್ ಪಾತ್ರ ಚಾರ್ಲಿ ಶೀನ್ ಮಾಡಿದ್ದಾರೆ. ಅವನ ತಂದೆ ಕಾರ್ಲ್ ಆಗಿರುವುದು ಅವರ ನಿಜ ಜೀವನದ ತಂದೆ ಮಾರ್ಟಿನ್ ಶೀನ್. ಕಾರ್ಲ್ ಬ್ಲೂಸ್ಟಾರ್ ಏರ್‌ಲೈನ್ಸ್‌ನಲ್ಲಿ ವಿಮಾನಗಳ ದುರಸ್ತಿ ನೋಡಿಕೊಳ್ಳುವವನು, ಅಲ್ಲಿನ ಕಾರ್ಮಿಕ ಸಂಘದ ಮುಂದಾಳು. ಕೆಲಸ ಮುಗಿಸಿ ಜೊತೆಗಾರರೊಂದಿಗೆ ಕೂತು ಬಿಯರ್ ಕುಡಿಯುತ್ತಾನೆ, ಸಿಗರೇಟು ಬಿಡಲಾರ, ಮಗ ಸಾಲ ಕೇಳಿದರೆ ಗೊಣಗಿಕೊಂಡೇ ಕೊಡುತ್ತಾನೆ. ಹಿಂದಿನ ಒಂದು ಅಪಘಾತದ ತನಿಖೆಯಲ್ಲಿ ಕಂಪನಿಯ ತಪ್ಪಿಲ್ಲ ಎಂಬ ತೀರ್ಪು ಬರಲಿದೆ ಎಂದು ಅವನು ಸಂತೋಷಕ್ಕೆ ಮಗನ ಹತ್ತಿರ ಹೇಳುವ ಮಾತೇ ಬಡ್ ಗೆಕ್ಕೊನಿಗೆ ಮಾರುವ ಮೊದಲ ಒಳಮಾಹಿತಿ. ಅಪ್ಪ ನಂಬಿ ಹೇಳಿದ್ದನ್ನು ಮಗ ಪೇಟೆಗಿಟ್ಟ. ಚಿತ್ರದ ಪಾಪ ಶುರುವಾಗುವುದು ಅಲ್ಲಿ.

ಆಮೇಲೆ ಬ್ಲೂಸ್ಟಾರನ್ನು ಕೊಳ್ಳಲು ಹೊರಟ ಗೆಕ್ಕೊ ಬಡ್‌ನ ಹೊಸ ಫ್ಲ್ಯಾಟಿನಲ್ಲಿ ಸಂಘದವರನ್ನು ಕರೆಸಿ, ಸ್ವಲ್ಪ ಸಂಬಳ ಬಿಟ್ಟುಕೊಡಿ, ಕಂಪನಿ ಉಳಿಸೋಣ ಎಂದು ಸಿಹಿಮಾತಿನಲ್ಲಿ ಹೇಳುತ್ತಾನೆ. ಉಳಿದವರು ತಲೆದೂಗುವ ಹಂತಕ್ಕೆ ಬರುತ್ತಾರೆ. ಕಾರ್ಲ್ ಎದ್ದು ನಿಲ್ಲುತ್ತಾನೆ. ಉಳ್ಳವರು ಇಲ್ಲದವರಿಗೆ ಇದನ್ನು ಆದಿಯಿಂದಲೂ ಮಾಡಿಕೊಂಡು ಬಂದಿದ್ದಾರೆ, ಪಿರಮಿಡ್ಡಿಗೂ ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಇರುವ ವ್ಯತ್ಯಾಸ ಒಂದೇ, ಈಜಿಪ್ಟಿನವರು ಕಾರ್ಮಿಕ ಸಂಘಕ್ಕೆ ಅವಕಾಶ ಕೊಡಲಿಲ್ಲ ಎಂದು ಹೇಳಿ ಹೊರಟುಬಿಡುತ್ತಾನೆ. ಲಿಫ್ಟಿನಲ್ಲಿ ಅಪ್ಪ ಮಗನ ಜಗಳ. ಮನುಷ್ಯನ ಯೋಗ್ಯತೆಯನ್ನು ಅವನ ಪರ್ಸಿನ ಗಾತ್ರದಿಂದ ಅಳೆದವನಲ್ಲ ನಾನು ಎಂದು ಅಪ್ಪ ಹೇಳುತ್ತಾನೆ. ಧೈರ್ಯ ಇಲ್ಲದೆ ನೀನು ಹೀಗೇ ಉಳಿದೆ ಎಂದು ಮಗ ತಿರುಗಿ ಚುಚ್ಚುತ್ತಾನೆ. ಸ್ವಂತ ಅಪ್ಪ ಮಗನೇ ಎದುರುಬದುರು ನಿಂತಿರುವುದರಿಂದಲೋ ಏನೋ, ಆ ಇಕ್ಕಟ್ಟಾದ ಲಿಫ್ಟಿನಲ್ಲಿ ನಟನೆ ಎಲ್ಲಿ ಮುಗಿಯಿತು ಎಂದು ಹೇಳಲಾಗುವುದಿಲ್ಲ.

ಕಾರ್ಲ್‌ನ ಅನುಮಾನ ನಿಜವಾಗುತ್ತದೆ. ಗೆಕ್ಕೊನ ಯೋಜನೆ ವಿಮಾನಗಳನ್ನು ಬಿಡಿಬಿಡಿಯಾಗಿ ಮಾರಿ, ನೌಕರರ ಪಿಂಚಣಿ ನಿಧಿಯಲ್ಲಿ ಕೂಡಿದ್ದ ದುಡ್ಡಿಗೆ ಕೈಹಾಕುವುದು. ನೋಡಿ, ಇಲ್ಲಿ ಗೆಕ್ಕೊನ ದುಷ್ಟತನಕ್ಕೆ ಒಂದು ತೂಕ ಬಂತು. ಆ ತೂಕ ಅವನ ಮಾತಿನದಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕಾರ್ಲ್‌ನ ಮೂವತ್ತು ದಿನದ ಸಂಬಳ, ಅವನ ಪಿಂಚಣಿ, ಅವನ ಹೃದಯಾಘಾತ ಇವೆಲ್ಲ ಇದ್ದವು. ಕೈ ಕೆಸರಾದರೆ ಬಾಯಿ ಮೊಸರು ಎಂದು ಬದುಕಿದ ಒಬ್ಬನನ್ನು ಎದುರಿಗಿಟ್ಟಿದ್ದರಿಂದಲೇ ಗೆಕ್ಕೊ ಖಳನಾಗಿ ಕಂಡ. ಕಾರ್ಲ್ ಇಲ್ಲದಿದ್ದರೆ ಅವನು ಬರೀ ಚೆನ್ನಾಗಿ ಮಾತಾಡುವ ಶ್ರೀಮಂತ.

ಇನ್ನು ಎರಡನೇ ಚಿತ್ರ. ಅದರ ಮೊದಲ ದೃಶ್ಯವನ್ನು ಹೊಗಳದ ಪ್ರೇಕ್ಷಕರನ್ನು ನಾನು ಕಂಡಿಲ್ಲ. 2001. ಗೆಕ್ಕೊನಿಗೆ ಜೈಲಿನಿಂದ ಬಿಡುಗಡೆ. ಗುಮಾಸ್ತ ಒಂದೊಂದೇ ವಸ್ತುವನ್ನು ಓದಿ ಕೌಂಟರಿನ ಮೇಲಿಡುತ್ತಾನೆ. ರೇಷ್ಮೆ ಕರವಸ್ತ್ರ, ಉಂಗುರ, ಕೈಗಡಿಯಾರ, ನೋಟು ಸಿಕ್ಕಿಸುವ ಚಿನ್ನದ ಕ್ಲಿಪ್, ನೋಟಿಲ್ಲ. ಕೊನೆಗೆ ಇಟ್ಟಿಗೆಯಂಥ ಒಂದು ಮೊಬೈಲ್ ಫೋನ್. ಮೊದಲ ಚಿತ್ರದಲ್ಲಿ ಸೂರ್ಯೋದಯದ ಹೊತ್ತು ಸಮುದ್ರದಂಡೆಯಲ್ಲಿ ಅದೇ ಬಗೆಯ ಫೋನ್ ಹಿಡಿದು, ಹಣ ನಿದ್ದೆ ಮಾಡುವುದಿಲ್ಲ, ಹಾಂಗ್‌ಕಾಂಗ್ ಚಿನ್ನದಲ್ಲಿ ಈಗಷ್ಟೇ ಎಂಟು ಲಕ್ಷ ಡಾಲರ್ ಮಾಡಿಕೊಂಡೆ ಎಂದು ಬಡ್‌ನನ್ನು ಎಬ್ಬಿಸಿದ್ದ. ಎರಡನೇ ಚಿತ್ರದ ಹೆಸರು ಬಂದದ್ದೇ ಆ ಮಾತಿನಿಂದ. ಹೊರಗೆ ಉದ್ದನೆಯ ಕಾರು ಬಂದು ನಿಲ್ಲುತ್ತದೆ. ಅದು ಅವನಿಗಾಗಿ ಬಂದದ್ದಲ್ಲ, ಜೊತೆಗೆ ಬಿಡುಗಡೆಯಾದ ಒಬ್ಬ ರ್ಯಾಪ್ ಗಾಯಕನಿಗಾಗಿ. ಗೆಕ್ಕೊನನ್ನು ಕರೆದೊಯ್ಯಲು ಯಾರೂ ಬಂದಿಲ್ಲ.

ಪ್ರೇಕ್ಷಕರು ಮೆಚ್ಚಿದ ಇನ್ನೊಂದು ಭಾಗ ಫ್ರ್ಯಾಂಕ್ ಲ್ಯಾಂಜೆಲಾ ಮಾಡಿದ ಲೂಯಿಸ್ ಜೇಬಲ್. ಹಳೆಯ ಕಾಲದ ಬ್ಯಾಂಕರ್, ತನ್ನ ಸಂಸ್ಥೆ ಕೆಲ್ಲರ್ ಜೇಬಲ್ ಮುಳುಗುವುದನ್ನು ಕಣ್ಣಾರೆ ನೋಡುವವನು. ಅವನನ್ನು ತಂದೆಯಂತೆ ಕಾಣುವ, ಗೆಕ್ಕೊನ ಮಗಳನ್ನು ಮದುವೆಯಾಗಲಿರುವ ಹುಡುಗ ಜೇಕ್ ಪಾರ್ಕಿನಲ್ಲಿ ಹಿಂದೆ ಬಿದ್ದು ನಾವು ಮುಳುಗುತ್ತಿದ್ದೇವೆಯೇ ಎಂದು ಕೇಳುತ್ತಾನೆ. ನೀನು ಕೇಳಬೇಕಾದ ಪ್ರಶ್ನೆ ಅದಲ್ಲ, ಯಾರು ಮುಳುಗುತ್ತಿಲ್ಲ ಅಂತ ಕೇಳು ಎನ್ನುತ್ತಾನೆ ಮುದುಕ. ಆಮೇಲೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಉದ್ದನೆಯ ಮೇಜು. ಸುತ್ತ ದೊಡ್ಡ ಬ್ಯಾಂಕುಗಳವರು. ಜಾಶ್ ಬ್ರೋಲಿನ್ ಮಾಡಿದ ಎದುರಾಳಿ ಬ್ಯಾಂಕರ್ ಬ್ರೆಟನ್ ಜೇಮ್ಸ್ ಹಳೆಯ ಸೇಡು ತೀರಿಸಿಕೊಂಡು ಜೇಬಲ್‌ನ ಸಂಸ್ಥೆಗೆ ಪುಡಿಗಾಸಿನ ಬೆಲೆ ಕಟ್ಟುತ್ತಾನೆ. 2008ರ ಮಾರ್ಚಿನಲ್ಲಿ ಬೇರ್ ಸ್ಟರ್ನ್ಸ್ ಎಂಬ ಬ್ಯಾಂಕಿಗೆ ಜೆಪಿ ಮಾರ್ಗನ್ ಮೊದಲು ಹೇಳಿದ ಬೆಲೆ ಷೇರಿಗೆ ಎರಡು ಡಾಲರ್ ಎಂದು ನೆನಪಿರುವವರಿಗೆ ಆ ದೃಶ್ಯ ಕತೆಯಾಗಿ ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ಜೇಬಲ್ ನೆಲದಡಿಯ ರೈಲು ನಿಲ್ದಾಣಕ್ಕೆ ಹೋಗಿ ಬರುವ ರೈಲಿನ ಮುಂದೆ ಬೀಳುತ್ತಾನೆ. ಮೊದಲ ಚಿತ್ರದಲ್ಲಿ ಬುದ್ಧಿ ಹೇಳುವ ಹಿರಿಯ ದಲ್ಲಾಳಿ ಲೂ ಮ್ಯಾನ್‌ಹೈಮ್ ಇದ್ದ, ಇಲ್ಲಿ ಲೂಯಿಸ್ ಜೇಬಲ್. ಲೂಯಿಸ್ ಸ್ಟೋನ್ ಅವರ ಮಗ ತನ್ನ ತಂದೆಯ ತಲೆಮಾರಿಗೆ ಎರಡು ಸಲ ನಮಸ್ಕಾರ ಮಾಡಿದ್ದಾರೆ. ಎರಡನೇ ಸಲ ಆ ತಲೆಮಾರನ್ನು ಮಣ್ಣು ಮಾಡಿದ್ದಾರೆ ಕೂಡ. ಇಲ್ಲಿಯವರೆಗಿನ ಚಿತ್ರ ಮೊದಲ ಚಿತ್ರಕ್ಕೆ ಸರಿಸಮ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ.

ದೂರುಗಳಲ್ಲಿ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಳೆಗಳು ಜಾಸ್ತಿಯಾದವು ಎನ್ನುವುದು ನಿಜ. ಸೇಡು, ಮದುವೆ, ಅಣು ಸಮ್ಮಿಲನದ ಸಂಶೋಧನೆ, ಸ್ವಿಸ್ ಖಾತೆ, ಮೋಟರ್‌ಬೈಕ್ ಪಂದ್ಯ, ಎಲ್ಲವೂ ಒಂದೇ ಚೀಲದಲ್ಲಿ. ಬೈಕ್ ಪಂದ್ಯ ಬೇಡವಾಗಿತ್ತು. ಶಯಾ ಲಬಫ್ ಅವರ ಜೇಕ್‌ನಲ್ಲಿ ಬಡ್ ಫಾಕ್ಸ್‌ಗಿದ್ದ ಹಸಿವಿಲ್ಲ ಎನ್ನುತ್ತಾರೆ, ಆ ತಪ್ಪು ನಟನದಲ್ಲ, ಜೇಕ್‌ಗೆ ಮೊದಲ ರೀಲಿನಲ್ಲೇ ಹದಿನಾಲ್ಕೂವರೆ ಲಕ್ಷ ಡಾಲರಿನ ಬೋನಸ್ ಚೆಕ್ ಸಿಕ್ಕಿಬಿಟ್ಟಿದೆ. ಹೊಟ್ಟೆ ತುಂಬಿದವನಲ್ಲಿ ಹಸಿವು ಎಲ್ಲಿಂದ ತರುವುದು? ಗೆಕ್ಕೊನ ಮಗಳು ವಿನ್ನಿಯಾಗಿ ಕ್ಯಾರಿ ಮಲಿಗನ್ ಅವರಂಥ ನಟಿಯನ್ನು ತಂದು ಇಡೀ ಚಿತ್ರ ಅಳುವಂತೆ ಮಾಡಿದರು ಎಂಬ ದೂರು ಮಾತ್ರ ಗಂಭೀರವಾದದ್ದು. ಸುದ್ದಿ ಜಾಲತಾಣ ನಡೆಸುವ ಹೆಣ್ಣು ಅವಳು. ಬ್ರೆಟನ್ ಜೇಮ್ಸ್‌ನ ಬಣ್ಣ ಬಯಲು ಮಾಡುವುದೂ ಅವಳ ತಾಣದಲ್ಲಿ ಬಂದ ಬರಹವೇ. ಅವಳು ಆ ಕೆಲಸ ಮಾಡುವುದನ್ನು ಚಿತ್ರ ನಮಗೆ ತೋರಿಸಿದ್ದು ಎಷ್ಟು ಹೊತ್ತು?

ಈಗ ಎಲ್ಲರೂ ಎತ್ತಿದ ದೊಡ್ಡ ದೂರು, ಅಂತ್ಯ. ಮಗಳ ಹೆಸರಿನಲ್ಲಿದ್ದ 10 ಕೋಟಿ ಡಾಲರನ್ನು ಗೆಕ್ಕೊ ಉಪಾಯವಾಗಿ ಲಪಟಾಯಿಸಿ ಲಂಡನ್ನಿಗೆ ಹಾರುತ್ತಾನೆ. ಆ ಕ್ಷಣ ಚಿತ್ರಮಂದಿರದಲ್ಲಿ ಜನ ಎದ್ದು ಕೂರುತ್ತಾರೆ, ಹುಟ್ಟುಗುಣ ಸುಟ್ಟರೂ ಹೋಗದು, ನಮ್ಮ ಗೆಕ್ಕೊ ಬಂದ ಅಂತ. ಅದನ್ನು 110 ಕೋಟಿ ಡಾಲರ್ ಮಾಡಿಕೊಳ್ಳುತ್ತಾನೆ. ಆಮೇಲೆ ಹುಟ್ಟಲಿರುವ ಮೊಮ್ಮಗನ ಸ್ಕ್ಯಾನ್ ನೋಡಿ ಕರಗಿ, ಮಗಳ ದುಡ್ಡಿನಷ್ಟು ಮೊತ್ತವನ್ನು ಆ ಅಣು ಸಮ್ಮಿಲನದ ಸಂಶೋಧನೆಗೆ ಹಾಕಿ ಹಿಂತಿರುಗಿಸುತ್ತಾನೆ. ಮಗುವಿನ ಮೊದಲ ಹುಟ್ಟುಹಬ್ಬದಲ್ಲಿ ಎಲ್ಲರೂ ನಗುತ್ತಾರೆ. ಚಿತ್ರ ಮುಗಿಯಿತು. ಇದನ್ನು ಒಪ್ಪದ ಪ್ರೇಕ್ಷಕರು ಮನುಷ್ಯ ಬದಲಾಗಬಾರದು ಎನ್ನುವವರಲ್ಲ. ಅವರ ಲೆಕ್ಕ ಸರಿಯಾಗಿದೆ. 110 ಕೋಟಿಯಲ್ಲಿ 10 ಕೋಟಿ ಹಿಂತಿರುಗಿಸಿದವನಿಗೆ ಇನ್ನೂ 100 ಕೋಟಿ ಉಳಿಯಿತು. ಆ ನೂರು ಕೋಟಿ 2008ರ ಕುಸಿತದಲ್ಲಿ ಯಾರ ಜೇಬಿನಿಂದ ಬಂತು ಎಂದು ಚಿತ್ರ ಕೇಳುವುದೇ ಇಲ್ಲ. ಮನೆಯವರು ಕ್ಷಮಿಸಿದರೆ ಸಾಕು, ಊರಿನ ಸಾಲ ತೀರಿದಂತೆ ಎಂದು ಬಿಟ್ಟುಬಿಡುತ್ತದೆ.

ನನ್ನ ಮೂಲ ಮಾತಿಗೆ ದಾರಿ ಇಲ್ಲಿದೆ. ಧರ್ಮಾರ್ಥ ಔತಣಕೂಟದ ಆ ಸಣ್ಣ ದೃಶ್ಯ ನೆನಪು ಮಾಡಿಕೊಳ್ಳಿ. ಚಾರ್ಲಿ ಶೀನ್ ಬಡ್ ಫಾಕ್ಸ್ ಆಗಿ ಒಂದೆರಡು ನಿಮಿಷ ಬಂದುಹೋಗುತ್ತಾರೆ. ಎರಡೂ ಪಕ್ಕದಲ್ಲಿ ಇಬ್ಬರು ಹೆಂಗಸರು. ಜೈಲಿನಿಂದ ಬಂದ ಮೇಲೆ ಬ್ಲೂಸ್ಟಾರ್ ಕಂಪನಿ ನಡೆಸಿ, ಅದನ್ನು ಮಾರಿ, ದೊಡ್ಡ ದುಡ್ಡು ಮಾಡಿಕೊಂಡು ಹಾಯಾಗಿದ್ದಾನೆ. ಹಳೆಯ ವೈರಿಗಳಿಬ್ಬರೂ ಹಳೆಯ ಸಂಕೇತಪದ ಹೇಳಿಕೊಂಡು ಮುಗುಳ್ನಕ್ಕು ಬೀಳ್ಕೊಡುತ್ತಾರೆ. ಮೊದಲ ಚಿತ್ರವನ್ನು ಪ್ರೀತಿಸಿದವರು ಈ ದೃಶ್ಯಕ್ಕೆ ಸಿಟ್ಟಾದರು, ಸಿಟ್ಟಾಗಲೇಬೇಕಿತ್ತು. ಬ್ಲೂಸ್ಟಾರನ್ನು ಯಾರಾದರೂ ಮಾರಿಬಿಡುತ್ತಾರೆ ಎಂಬ ಭಯದಲ್ಲೇ ಅಲ್ಲವೇ ಬಡ್ ತನ್ನ ಬದುಕನ್ನು ಪಣಕ್ಕಿಟ್ಟದ್ದು? ಪೊಲೀಸರಿಗಾಗಿ ಮಾತು ಮುದ್ರಿಸುವ ಟೇಪನ್ನು ಮೈಗೆ ಕಟ್ಟಿಕೊಂಡು ಮಳೆಯಲ್ಲಿ ಸೆಂಟ್ರಲ್ ಪಾರ್ಕಿಗೆ ಹೋಗಿ ಗೆಕ್ಕೊನಿಂದ ಹೊಡೆಸಿಕೊಂಡದ್ದು? ಕೊನೆಯಲ್ಲಿ ನ್ಯಾಯಾಲಯಕ್ಕೆ ಬಿಡಲು ಬಂದ ಅಪ್ಪ, ಬೇರೆಯವರ ಕೊಡುಕೊಳ್ಳುವಿಕೆಯ ಮೇಲೆ ಬದುಕುವುದು ಬಿಟ್ಟು ಏನಾದರೂ ನಿರ್ಮಾಣ ಮಾಡು ಎಂದು ಕಾರಿನಲ್ಲಿ ಹೇಳುತ್ತಾನೆ. ಆ ಮಾತು ಮಗನಿಗೆ ತಲುಪಿತೋ ಇಲ್ಲವೋ ಎಂಬುದೊಂದೇ ಆ ಚಿತ್ರ ಉಳಿಸಿಹೋದ ಪ್ರಶ್ನೆ. ಎರಡನೇ ಚಿತ್ರಕ್ಕೆ ಆ ಪ್ರಶ್ನೆಯ ನೆನಪೇ ಇಲ್ಲ. ಕಾರ್ಲ್ ಬದುಕಿದ್ದಾನೆಯೇ? ಕಂಪನಿ ಮಾರಿದಾಗ ರಿಪೇರಿ ಷೆಡ್ಡಿನವರ ಕೆಲಸ ಏನಾಯಿತು? ಒಬ್ಬರೂ ವಿಚಾರಿಸುವುದಿಲ್ಲ.

ಇಡೀ ಎರಡನೇ ಚಿತ್ರದಲ್ಲಿ ಕೈಯಿಂದ ದುಡಿಯುವ ಒಬ್ಬ ಮನುಷ್ಯ ನೆಲೆನಿಂತು ಮಾತಾಡುವುದಿಲ್ಲ. ಹತ್ತಿರಕ್ಕೆ ಬರುವವಳು ಜೇಕ್‌ನ ತಾಯಿ. ಸೂಸನ್ ಸರಂಡನ್ ಮಾಡಿದ ಪಾತ್ರ. ನರ್ಸ್ ಕೆಲಸ ಬಿಟ್ಟು ಮನೆ ಮಾರಾಟದ ದಂಧೆಗೆ ಇಳಿದವಳು, ಬೆಲೆ ಏರುತ್ತಲೇ ಇರುತ್ತದೆಂದು ನಂಬಿ ಸಾಲದ ಮೇಲೆ ಸಾಲ ಮಾಡಿ, ಈಗ ಮಗನ ಮುಂದೆ ಕೈಚಾಚುತ್ತಾಳೆ. 2008ರ ಕಥೆ ಇವಳದು! ರೋಗಿಯ ಕೈ ಹಿಡಿಯುತ್ತಿದ್ದವಳನ್ನು ಮನೆಯ ಬೆಲೆಯ ಹಿಂದೆ ಓಡುವಂತೆ ಮಾಡಿದ ಕಾಲ ಎಂಥದು, ಅವಳಿಗೆ ಸಾಲ ಕೊಟ್ಟವರು ಯಾರು, ಆ ಸಾಲಪತ್ರವನ್ನು ಕಟ್ಟುಕಟ್ಟಿ ಮಾರಿದವರು ಯಾರು, ಇವಿಷ್ಟನ್ನು ಹಿಂಬಾಲಿಸಿದ್ದರೆ ಬ್ರೆಟನ್ ಜೇಮ್ಸ್‌ನ ಮೇಜಿನವರೆಗೂ ನೇರ ದಾರಿಯಿತ್ತು. ಚಿತ್ರ ಅವಳನ್ನು ಮಗನಿಗೆ ತಲೆನೋವು ತರುವ ಗಡಿಬಿಡಿಯ ತಾಯಿಯಾಗಿ ತೋರಿಸಿ ಮುಂದೆ ಹೋಯಿತು. ಪ್ರೇಕ್ಷಕರೂ ಅವಳ ಬಗ್ಗೆ ಹೆಚ್ಚು ಮಾತಾಡಲಿಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವುದು ಈ ಕಳೆದುಕೊಂಡ ಅವಕಾಶ.

ಹೀಗೇಕಾಯಿತು? ಒಂದು ಕಾರಣ ಅಪರಾಧದ ಸ್ವರೂಪವೇ ಬದಲಾಗಿತ್ತು. 1987ರಲ್ಲಿ ತಪ್ಪು ಯಾವುದೆಂದು ಬೆರಳಿಟ್ಟು ತೋರಿಸಬಹುದಿತ್ತು. ಗುಟ್ಟಿನ ಮಾಹಿತಿ, ಒಂದು ಫೋನ್ ಕರೆ, ಒಂದು ಟೇಪು, ಕೈಕೋಳ. 2008ರಲ್ಲಿ ಲಕ್ಷಾಂತರ ಮನೆಗಳು ಹೋದವು, ಅಮೆರಿಕ ಸರ್ಕಾರ 70,000 ಕೋಟಿ ಡಾಲರಿನ ರಕ್ಷಣಾ ಯೋಜನೆಗೆ ಕಾನೂನು ಮಾಡಿತು, ಆದರೆ ದೊಡ್ಡ ಬ್ಯಾಂಕುಗಳ ಮುಖ್ಯಸ್ಥರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ. ಗೆಕ್ಕೊನೇ ವಿದ್ಯಾರ್ಥಿಗಳ ಮುಂದೆ ಇದನ್ನು ಹೇಳುತ್ತಾನೆ. ದುರಾಸೆ ಒಳ್ಳೆಯದು ಎಂದು ನಾನು ಒಂದು ಕಾಲದಲ್ಲಿ ಹೇಳಿದ್ದೆನಂತೆ, ಈಗ ಅದು ಕಾನೂನುಬದ್ಧವೂ ಆಗಿದೆಯಂತೆ ಎಂದು. ಎರಡನೇ ಚಿತ್ರದ ಅತ್ಯಂತ ನಿಜವಾದ ಮಾತು ಅದು. ಅಷ್ಟು ಗೊತ್ತಿದ್ದೂ ಚಿತ್ರ ಮತ್ತೆ ಒಬ್ಬ ಕೆಟ್ಟವನನ್ನು ಹುಡುಕಿಕೊಂಡು, ಅವನನ್ನು ಬೀಳಿಸಿ, ಸಮಾಧಾನಪಟ್ಟುಕೊಂಡಿತು. ವಿಮರ್ಶಕ ರೋಜರ್ ಈಬರ್ಟ್ ಚಿತ್ರಕ್ಕೆ ನಾಲ್ಕರಲ್ಲಿ ಮೂರೂವರೆ ನಕ್ಷತ್ರ ಕೊಟ್ಟರೂ, ಇದು ಇನ್ನೂ ಸಿಟ್ಟಾಗಬೇಕಿತ್ತು ಎಂದು ಬರೆದರು. ಸಿಟ್ಟು ಬರಬೇಕಾದರೆ ಅನ್ಯಾಯ ಆದವರು ಎದುರಿಗಿರಬೇಕು. ಚಿತ್ರದಲ್ಲಿ ಅವರು ಇರಲಿಲ್ಲ.

ಮರುವರ್ಷ, 2011ರಲ್ಲಿ, ‘ಮಾರ್ಜಿನ್ ಕಾಲ್’ ಎಂಬ ಸಣ್ಣ ಬಜೆಟ್ಟಿನ ಚಿತ್ರ ಬಂತು. ಅದರಲ್ಲಿ ಕೆಲಸ ಕಳೆದುಕೊಂಡ ಒಬ್ಬ ಬ್ಯಾಂಕ್ ನೌಕರ ಮನೆಯ ಮೆಟ್ಟಿಲ ಮೇಲೆ ಕೂತು ತಾನು ಹಿಂದೆ ಎಂಜಿನಿಯರ್ ಆಗಿದ್ದಾಗ ಒಂದು ಸೇತುವೆ ಕಟ್ಟಿದ್ದನ್ನು ನೆನೆಯುತ್ತಾನೆ. ಓಹಾಯೋದಿಂದ ವೆಸ್ಟ್ ವರ್ಜೀನಿಯಾಕ್ಕೆ. ದಿನಕ್ಕೆ ಎಷ್ಟು ಜನ ದಾಟಿದರು, ಎಷ್ಟು ಮೈಲಿ ಸುತ್ತು ತಪ್ಪಿತು, ಒಟ್ಟು ಎಷ್ಟು ವರ್ಷ ಜನರ ಆಯುಷ್ಯ ಕಾರಿನಲ್ಲಿ ವ್ಯರ್ಥವಾಗದೆ ಉಳಿಯಿತು ಎಂದು ಬಾಯಿಲೆಕ್ಕ ಹಾಕುತ್ತಾ ಹೋಗುತ್ತಾನೆ. ಅವನು ಯಾರನ್ನೂ ಬೈಯುವುದಿಲ್ಲ. ಆ ಲೆಕ್ಕ ಕೇಳಿದ ಮೇಲೆ, ಅವನು ಬ್ಯಾಂಕಿನಲ್ಲಿ ಕಳೆದ ವರ್ಷಗಳ ಬೆಲೆ ಎಷ್ಟು ಎಂದು ನೀವೇ ಕೇಳಿಕೊಳ್ಳುತ್ತೀರಿ. ಕಾರ್ಲ್ ಫಾಕ್ಸ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಆ ಸೇತುವೆ ಮಾಡುತ್ತದೆ.

ನಮ್ಮ ಕಡೆಗೆ ಒಂದು ಮಾತು. ಎರಡನೇ ಚಿತ್ರದ ಚಿತ್ರೀಕರಣ ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದ 2009ರ ಅಕ್ಟೋಬರಿನಲ್ಲೇ ಅದೇ ಊರಿನಲ್ಲಿ ಗ್ಯಾಲಿಯನ್ ಎಂಬ ಹೂಡಿಕೆ ನಿಧಿಯ ರಾಜ್ ರಾಜರತ್ನಂ ಅವರ ಬಂಧನ ಒಳಮಾಹಿತಿ ವ್ಯವಹಾರದ ಆರೋಪದಲ್ಲಿ ಆಯಿತು. ಆ ಪ್ರಕರಣದ ಬೇರು ಹಿಡಿದು ಹೋದಾಗ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ನಿರ್ದೇಶಕರಾಗಿದ್ದ, ಭಾರತದಲ್ಲಿ ಹುಟ್ಟಿದ ರಜತ್ ಗುಪ್ತಾ ಸಿಕ್ಕಿಬಿದ್ದರು. ಹೂಡಿಕೆದಾರ ವಾರನ್ ಬಫೆಟ್ ಆ ಬ್ಯಾಂಕಿನಲ್ಲಿ 500 ಕೋಟಿ ಡಾಲರ್ ಹೂಡಲಿದ್ದಾರೆಂಬ ಸುದ್ದಿ 2008ರ ಸೆಪ್ಟೆಂಬರಿನಲ್ಲಿ ನಿರ್ದೇಶಕರ ಸಭೆಯಿಂದ ಫೋನಿನಲ್ಲಿ ಹೊರಗೆ ಹೋಗಿತ್ತು. 2012ರಲ್ಲಿ ಅವರಿಗೆ ಎರಡು ವರ್ಷ ಶಿಕ್ಷೆಯಾಯಿತು. ಅದೇ 2012ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಒಳಮಾಹಿತಿ ವ್ಯವಹಾರದ ವಿರುದ್ಧ ಒಂದು ಜಾಹೀರಾತು ಮಾಡಿಸಿತು. ಅದರಲ್ಲಿ ಮಾತಾಡಿದ್ದು ಮೈಕೆಲ್ ಡಗ್ಲಸ್. ಚಿತ್ರ ಕಟ್ಟುಕಥೆ, ಆದರೆ ಸಮಸ್ಯೆ ನಿಜವಾದದ್ದು ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿ ಬಂತು.

ಇವತ್ತು ಬೆಂಗಳೂರಿನ ಪಿಜಿಗಳಲ್ಲಿ ಇರುವ ಎಷ್ಟೋ ಹುಡುಗರಿಗೆ ಗೆಕ್ಕೊ ಗೊತ್ತು, ಚಿತ್ರ ಗೊತ್ತಿಲ್ಲ. ಅರ್ಧ ನಿಮಿಷದ ರೀಲ್ಸ್‌ನಲ್ಲಿ, ಹಿಂದೆ ಡೋಲು ಬಡಿಯುವ ಸಂಗೀತ ಹಾಕಿ, ಆ ಭಾಷಣದ ಒಂದು ತುಂಡು ಅವರ ಫೋನಿಗೆ ಬರುತ್ತದೆ. ಅದೇ ಫೋನಿನಲ್ಲಿ ಷೇರು ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ಆಪ್ಷನ್ಸ್ ಕೊಳ್ಳುವ ಆ್ಯಪ್ ಇದೆ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಹೊರತಂದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ನಾನು ಬ್ಯಾಂಕಿನಲ್ಲಿ ದುಡಿದವನು, ಕೌಂಟರಿನ ಆಚೆ ನಿಂತ ಮುಖಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಈ ಅಂಕಿಯ ಒಳಗೆ ಎಷ್ಟು ಅಪ್ಪಂದಿರ ಪಿಎಫ್ ದುಡ್ಡಿದೆ, ಎಷ್ಟು ತಾಯಂದಿರ ಒಡವೆ ಸಾಲವಿದೆ ಎಂದು ಊಹಿಸಿದರೆ ಎದೆ ಹಿಡಿದುಕೊಳ್ಳುತ್ತದೆ. ಅರ್ಧ ನಿಮಿಷದ ತುಂಡಿನಲ್ಲಿ ಗೆಕ್ಕೊ ಹಿಡಿಸುತ್ತಾನೆ, ಕಾರ್ಲ್ ಹಿಡಿಸುವುದಿಲ್ಲ. ಅದಕ್ಕೇ ಇಡೀ ಚಿತ್ರ ತೋರಿಸಬೇಕು ಎಂದು ನಾನು ಈ ಸಮಾಜದವರನ್ನು ಒತ್ತಾಯ ಮಾಡಿದ್ದು.

(ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಹಿರಿಯರೊಬ್ಬರು ಕೇಳಿದರು: ‘ಸರ್, ಮುಪ್ಪಿನಲ್ಲಿ ಮನುಷ್ಯ ಮೆತ್ತಗಾಗುವುದು ಸಹಜ ಅಲ್ವಾ? ಗೆಕ್ಕೊನಿಗೆ ಮೊಮ್ಮಗನ ಮೇಲೆ ಪ್ರೀತಿ ಬರಬಾರದೇ?’

ಬರಲಿ ಸರ್, ಖಂಡಿತ ಬರಲಿ. ಜೈಲಿನಲ್ಲಿದ್ದಾಗ ಮಗ ಡ್ರಗ್ಸ್‌ನಿಂದ ಸತ್ತದ್ದನ್ನು ಅವನು ಹೇಳುವಾಗ ಡಗ್ಲಸ್ ಮುಖ ನೋಡಿ, ಆ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಚಿತ್ರ ಬಿಡುಗಡೆಯ ಹೊತ್ತಿಗೆ ಸ್ವತಃ ಡಗ್ಲಸ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು, ಪ್ರೇಕ್ಷಕರು ಆ ಮುಖವನ್ನು ಇನ್ನಷ್ಟು ಮರುಕದಿಂದ ನೋಡಿದರು. ನನ್ನ ತಕರಾರು ಪ್ರೀತಿಯ ಬಗ್ಗೆ ಅಲ್ಲ. ಮಗಳು ಕ್ಷಮಿಸಿದಳು, ಅದು ಅವಳ ಹಕ್ಕು. ಬ್ಲೂಸ್ಟಾರ್ ನೌಕರರ ಪರವಾಗಿ ಕ್ಷಮಿಸುವ ಹಕ್ಕು ಅವಳಿಗಿಲ್ಲ, ನಿರ್ದೇಶಕರಿಗೂ ಇಲ್ಲ.

ಕಾಲೇಜಿನ ಹುಡುಗಿಯೊಬ್ಬಳು: ‘ನನ್ನ ಅಣ್ಣ ದಿನವಿಡೀ ಟ್ರೇಡಿಂಗ್ ಮಾಡ್ತಾನೆ ಸರ್. ಅವನಿಗೆ ಯಾವ ಚಿತ್ರ ತೋರಿಸಲಿ?’

ಮೊದಲನೆಯದನ್ನೇ ತೋರಿಸಮ್ಮ. ಟೆಲ್ಡಾರ್ ಭಾಷಣ ಬಂದಾಗ ಅವನು ಚಪ್ಪಾಳೆ ತಟ್ಟುತ್ತಾನೆ, ತಟ್ಟಲಿ, ತಡೆಯಬೇಡ. ಬಡ್ ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆ ಪಕ್ಕ ಕೂತು ಅಳುವ ದೃಶ್ಯದ ತನಕ ಅವನು ಎದ್ದು ಹೋಗದ ಹಾಗೆ ನೋಡಿಕೋ. ಆಗ ಪಕ್ಕದಲ್ಲಿ ನಿಮ್ಮ ತಂದೆಯೂ ಕೂತಿದ್ದರೆ ಒಳ್ಳೆಯದು. ಎರಡನೆಯದನ್ನು ಆಮೇಲೆ ಯಾವಾಗಲಾದರೂ ನೋಡಬಹುದು, ಜೇಬಲ್ ಸಾಯುವ ತನಕದ ಭಾಗವನ್ನಂತೂ ಬಿಡಬೇಡಿ.